ಎಲ್ಲರಿಗೂ ಕೆಂಪು ಚುಕ್ಕೆ

ನಾನು ಓದಿದ ದಂತ ವೈದ್ಯಕೀಯ ಕಾಲೇಜಿನಲ್ಲಿ ಪ್ರೊಫೆಸರುಗಳು ಬಂದರು, ಹೋದರು, ಕೆಲವರು ಜಗಳವಾಡಿಕೊಂಡೂ ಹೋದರು. ಇಪ್ಪತ್ತಾರು ವರ್ಷ ಜಾಗ ಬಿಟ್ಟು ಕದಲದವಳು ಕುಕ್ಕರ್ ಅಕ್ಕ ಒಬ್ಬಳೇ. ಹಲ್ಲು ಕೀಳುವ ವಿಭಾಗದ ಹಿಂಬದಿಯಲ್ಲಿ ಎರಡು ಕಿಟಕಿ, ಒಂದು ಕಲ್ಲಿನ ತೊಟ್ಟಿ ಮತ್ತು ಮೂರು ಆಟೋಕ್ಲೇವ್ ಇದ್ದ ಉದ್ದನೆಯ ಕೋಣೆ ಅವಳದು. ಆಟೋಕ್ಲೇವ್ ಅಂದರೆ ಹೆದರಬೇಡಿ, ಅಡುಗೆಮನೆಯ ಕುಕ್ಕರಿನ ದೊಡ್ಡಣ್ಣ ಅಷ್ಟೆ. ರೋಗಿಯ ಬಾಯಿಗೆ ಹೋಗಿಬಂದ ಇಕ್ಕಳ, ಕನ್ನಡಿ, ಚಿಮಟಗಳನ್ನು ಹಬೆಯಲ್ಲಿ ಬೇಯಿಸಿ, ಅವುಗಳ ಮೇಲೆ ಕೂತ ಕಣ್ಣಿಗೆ ಕಾಣದ ಹುಳಗಳನ್ನೆಲ್ಲ ನಿರ್ನಾಮ ಮಾಡುವ ಯಂತ್ರ.

ಅವಳು ಕಾಲೇಜಿಗೆ ಸೇರಿದ್ದು ಕಸ ಗುಡಿಸುವುದಕ್ಕೆ. ಆಗ ಆಟೋಕ್ಲೇವ್ ನೋಡಿಕೊಳ್ಳಲು ಸರ್ಟಿಫಿಕೇಟು ಇದ್ದ ಒಬ್ಬ ಮನುಷ್ಯನಿದ್ದನಂತೆ. ಯಂತ್ರ ಮೊದಲ ಸಲ ಬುಸ್ಸೆಂದು ಹಬೆ ಬಿಟ್ಟದ್ದೇ ತಡ, ಆತ ಸರ್ಟಿಫಿಕೇಟನ್ನು ಅಲ್ಲೇ ಬಿಟ್ಟು ಕಾಲಿಗೆ ಬುದ್ಧಿ ಹೇಳಿದ. ಅಕ್ಕ ಪೊರಕೆ ಗೋಡೆಗೊರಗಿಸಿ ಬಂದು, ಗುಬುಟು ತಿರುಗಿಸಿ, ಹಬೆ ಇಳಿಸಿ, "ಇದಕ್ಯಾಕೆ ಓಡ್ಬೇಕು? ಬೇಳೆ ಬೇಯ್ಸಿದೋರು ಯಾರೂ ಇಲ್ವಾ ಇಲ್ಲಿ?" ಅಂದಳಂತೆ. ಯಾರೂ ಇರಲಿಲ್ಲ. ಎಲ್ಲರೂ ಡಾಕ್ಟರುಗಳು. ಅವತ್ತಿನಿಂದ ಕೋಣೆ ಅವಳ ಪಾಲಾಯಿತು.

ಕನ್ನಡಕಕ್ಕೆ ದಾರ ಕಟ್ಟಿಕೊಂಡು, ನೀಲಿ ಕೋಟಿನ ತೋಳು ಮೊಳಕೈವರೆಗೆ ಮಡಚಿಕೊಂಡು, ಕಿಟಕಿಯಂಥ ಒಂದು ಕಿಂಡಿಯ ಹಿಂದೆ ಕೂತಿರುತ್ತಿದ್ದಳು. ಬಳಸಿದ ಟ್ರೇಯನ್ನು ನಾವು ಆ ಕಿಂಡಿಯಲ್ಲಿ ಕೊಡಬೇಕು. ಇಕ್ಕಳದ ಸಂದಿಯಲ್ಲಿ ಒಂದು ಚೂರು ಒಣಗಿದ ರಕ್ತ ಕಂಡರೆ ಮುಗಿಯಿತು. ಟ್ರೇ ವಾಪಸು ಬರುತ್ತಿತ್ತು. ಜೊತೆಗೆ ಒಂದು ಪ್ರಶ್ನೆಯೂ ಬರುತ್ತಿತ್ತು: "ಇದನ್ನ ನಿನ್ನ ಬಾಯಿಗೆ ಹಾಕ್ಕೋತೀಯಾ?" ಪಿಳಿಪಿಳಿ ಕಣ್ಣು ಬಿಟ್ಟರೆ ಬಿಡುವವಳಲ್ಲ. "ಇಲ್ಲ ಅಕ್ಕ" ಎಂದು ಬಾಯಿಬಿಟ್ಟು ಹೇಳಬೇಕು, ತಿರುಗಿ ಹೋಗಿ ಬ್ರಷ್ಷಿನಿಂದ ಉಜ್ಜಿ ತರಬೇಕು. ಮುಂದೆ ದೊಡ್ಡ ದೊಡ್ಡ ಆಸ್ಪತ್ರೆಗಳ ಮುಖ್ಯಸ್ಥರಾದ ಮಹನೀಯರೆಲ್ಲ ಆ ಕಿಂಡಿಯ ಮುಂದೆ ಇಂಗು ತಿಂದ ಮಂಗನ ಹಾಗೆ ನಿಂತದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಅಕ್ಕನ ಗಂಡ, ಅಂದರೆ ನಮಗೆಲ್ಲ ಭಾವ, ಮಧ್ಯಾಹ್ನ ಊಟದ ಡಬ್ಬಿ ತರುತ್ತಿದ್ದ. ಲಾರಿ ಓಡಿಸಿ ನಿವೃತ್ತನಾದ ಆಜಾನುಬಾಹು. ಆದರೆ ಹಲ್ಲಿನ ಡಾಕ್ಟರು ಅಂದರೆ ಎದೆ ನೀರಾಗುತ್ತಿತ್ತು. ಗೇಟಿನ ಹೊರಗೇ ನಿಂತು, ಡಬ್ಬಿಯನ್ನು ಕಾವಲುಗಾರನ ಕೈಯಲ್ಲಿ ಕೊಟ್ಟು, ಬಾಯಿ ಮುಚ್ಚಿಕೊಂಡು ಹೋಗಿಬಿಡುತ್ತಿದ್ದ. ಒಳಗಿನಿಂದ ಯಾರಾದರೂ ನೋಡಿ ಹಲ್ಲು ಎಣಿಸಿಬಿಟ್ಟಾರು ಎಂಬ ಭಯ.

ಇನ್ನು ನನ್ನ ವಿಷಯ. ಆಗ ನಾನು ಕೊನೇ ವರ್ಷದಲ್ಲಿದ್ದೆ. ಮಹಾ ಜಾಣೆ ಎಂದು ಹೆಸರಿತ್ತು. ಆ ಹೆಸರನ್ನು ನಾನೇ ಹೆಚ್ಚು ನಂಬಿದ್ದೆ. ಆ ವರ್ಷ ಎಲ್ಲಿಂದಲೋ ಬಂದ ಒಂದು ತಂಡ ದಂತ ವಿದ್ಯಾರ್ಥಿಗಳಿಗೆ ಎಚ್‌ಐವಿ, ಏಡ್ಸ್ ಬಗ್ಗೆ ಎಷ್ಟು ಅರಿವಿದೆ ಎಂದು ನೋಡಲು ಮೂವತ್ತು ಪ್ರಶ್ನೆಗಳ ಹಾಳೆ ಹಂಚಿತು. ಸೊಳ್ಳೆ ಕಚ್ಚಿದರೆ ಬರುತ್ತದೆಯೇ? ಕೈ ಕುಲುಕಿದರೆ ಬರುತ್ತದೆಯೇ? ಒಂದೇ ತಟ್ಟೆಯಲ್ಲಿ ಉಂಡರೆ? ಸೋಂಕಿರುವ ವ್ಯಕ್ತಿಗೆ ನೀವು ಹಲ್ಲಿನ ಚಿಕಿತ್ಸೆ ಮಾಡುವಿರಾ? ನಾನು ಕಣ್ಣು ಮುಚ್ಚಿಕೊಂಡು ಬರೆದೆ. ಮೂವತ್ತಕ್ಕೆ ಮೂವತ್ತು ಬಂತು. ಕೊನೆಯ ಪ್ರಶ್ನೆಗೆ ಬರೀ "ಹೌದು" ಎಂದು ಗುರುತು ಹಾಕಿದರೆ ಸಾಕಿತ್ತು; ನಾನು ಪಕ್ಕದಲ್ಲಿ "ಖಂಡಿತವಾಗಿಯೂ" ಎಂದು ಕೈಯಾರೆ ಬರೆದು ಕೆಳಗೊಂದು ಗೆರೆಯನ್ನೂ ಎಳೆದಿದ್ದೆ.

ಇದಾಗಿ ಹತ್ತು ದಿನಕ್ಕೆ ಒಂದು ಬುಧವಾರ ಹೊಸ ರೋಗಿಗಳ ಮೇಜಿನಲ್ಲಿ ನನ್ನ ಸರದಿ ಬಂತು. ಹೆಸರು, ವಯಸ್ಸು, ಸಕ್ಕರೆ ಕಾಯಿಲೆ ಇದೆಯೇ, ಎದೆನೋವು ಇದೆಯೇ ಎಂದು ಫಾರಂ ತುಂಬಿಸುವ ಕೆಲಸ. ನಡುವೆ ಒಂದು ಸಾಲಿನಲ್ಲಿ ಎಚ್‌ಐವಿ ಇದೆಯೇ ಎಂದೂ ಇತ್ತು. ಆ ಸಾಲಿಗೆ ಯಾರೂ ಹೌದು ಅಂದದ್ದನ್ನು ನಾನು ನೋಡಿರಲಿಲ್ಲ. ಕೇಳುವವರೂ ಕೇಳುತ್ತಿರಲಿಲ್ಲ, ಅಡ್ಡಗೆರೆ ಎಳೆದು ಮುಂದೆ ಹೋಗುತ್ತಿದ್ದರು.

ಸುಮಾರು ನಲವತ್ತೈದರ ಒಬ್ಬ ಮನುಷ್ಯ ಕೆನ್ನೆಗೆ ಟವೆಲು ಒತ್ತಿಕೊಂಡು ಬಂದ. ಮಾತಾಡಲು ನೋವಾಗುತ್ತಿದ್ದುದರಿಂದ ಫಾರಂ ತಾನೇ ತೆಗೆದುಕೊಂಡು ನಿಧಾನವಾಗಿ ತುಂಬಿದ. ಕೆಲಸ ಎಂಬಲ್ಲಿ ಕ್ಷೌರದ ಅಂಗಡಿ ಎಂದು ಬರೆದ. ಆ ಸಾಲಿಗೆ ಬಂದಾಗ ಪೆನ್ನು ಒಂದು ಕ್ಷಣ ನಿಂತಿತು. ಆಮೇಲೆ "ಇದೆ" ಎಂದು ಬರೆದು, ಜೇಬಿನಿಂದ ತನ್ನ ಡಾಕ್ಟರರ ಚೀಟಿ ತೆಗೆದು ಜೊತೆಗಿಟ್ಟ. ಎಂಟು ವರ್ಷದಿಂದ ತಪ್ಪದೆ ಮಾತ್ರೆ ತೆಗೆದುಕೊಳ್ಳುತ್ತಿದ್ದಾನೆ, ರಕ್ತ ಪರೀಕ್ಷೆಗಳೆಲ್ಲ ಚೆನ್ನಾಗಿವೆ, ಕೆನ್ನೆಯ ಊತಕ್ಕೆ ಔಷಧಿ ಕೊಟ್ಟಾಗಿದೆ, ದವಡೆ ಹಲ್ಲು ಕೀಳಲು ಯಾವ ಅಡ್ಡಿಯೂ ಇಲ್ಲ ಎಂದು ಅದರಲ್ಲಿ ಸ್ಪಷ್ಟವಾಗಿತ್ತು.

ಮೂವತ್ತಕ್ಕೆ ಮೂವತ್ತು ತೆಗೆದವಳು ಮಾಡಿದ ಮೊದಲ ಕೆಲಸ ಏನು ಗೊತ್ತೇ? ಅವನು ವಾಪಸು ಕೊಟ್ಟ ಪೆನ್ನನ್ನು ಎರಡು ಬೆರಳಿನಲ್ಲಿ ಹಿಡಿದು ಮೇಜಿನ ಮೂಲೆಗೆ ಇಟ್ಟೆ. ಅವನು ಅದನ್ನು ನೋಡಿದ. ನೋಡಿಯೂ ನೋಡದವನ ಹಾಗೆ ಗೋಡೆಯ ಕಡೆ ತಿರುಗಿದ. ಇವತ್ತಿಗೂ ನೆನೆದರೆ ನನಗೆ ನನ್ನ ಕೆನ್ನೆಗೇ ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ.

ಎರಡನೆಯ ಕೆಲಸ, ಡ್ರಾಯರಿನಿಂದ ಕೆಂಪು ಚುಕ್ಕೆ ತೆಗೆದದ್ದು. ಇದು ನಮ್ಮ ವಿಭಾಗದ ಬರೆಯದ ಕಾನೂನು. ಗುಂಡಿಯಷ್ಟಗಲದ ಕೆಂಪು ಅಂಟುಚೀಟಿಗಳ ಸುರುಳಿಗಳು ಮೇಜಿನಲ್ಲಿರುತ್ತಿದ್ದವು. ಚೀಟಿಯಿಂದಲೋ ಗುಸುಗುಸಿನಿಂದಲೋ ಗೊತ್ತಾದ 'ಅಂಥವರ' ಫೈಲಿನ ಮೂಲೆಗೆ ಒಂದು ಅಂಟಿಸಬೇಕು. ಕೆಂಪು ಅಂಟಿದ ಫೈಲು ಸರದಿಯ ಕೊನೆಗೆ ಹೋಗುತ್ತಿತ್ತು. ಕೊನೆ ಬರುವಷ್ಟರಲ್ಲಿ ಕುರ್ಚಿ ಕೆಟ್ಟಿರುತ್ತಿತ್ತು, ಇಲ್ಲವೇ ಹೊತ್ತಾಗಿರುತ್ತಿತ್ತು, ಇಲ್ಲವೇ "ದೊಡ್ಡಾಸ್ಪತ್ರೆಗೆ ಹೋದ್ರೆ ಒಳ್ಳೇದು" ಎಂಬ ಸಲಹೆ ಸಿದ್ಧವಾಗಿರುತ್ತಿತ್ತು. ಯಾರೂ ಇಲ್ಲ ಅನ್ನುತ್ತಿರಲಿಲ್ಲ, ಯಾರೂ ಮಾಡುತ್ತಲೂ ಇರಲಿಲ್ಲ.

ಮೂರನೆಯದಾಗಿ, ಫೈಲು ಹಿಡಿದುಕೊಂಡು ನಮ್ಮ ಮೇಲ್ವಿಚಾರಣೆಗಿದ್ದ ಸೀನಿಯರ್ ಹತ್ತಿರ ಓಡಿದೆ. ಆಕೆಯ ಕಂಠ ಜಗತ್ಪ್ರಸಿದ್ಧ. ಮೂವತ್ತು ಕುರ್ಚಿಗಳ ಹಾಲಿನ ಆ ತುದಿಗೂ ಕೇಳುವ ಹಾಗೆ, "ಕೆಂಪು ಬಂದಿದೆ ಕಣ್ರೋ, ಯಾರು ತೊಗೋತೀರಾ?" ಎಂದು ಕೂಗಿದಳು. ಪರೀಕ್ಷೆಗೆ ಕೂರಬೇಕಾದರೆ ಪ್ರತಿಯೊಬ್ಬರೂ ಹತ್ತು ಹಲ್ಲು ಕಿತ್ತಿರಬೇಕಿತ್ತು. ಅದಕ್ಕಾಗಿ ನಾವು ರೋಗಿಗಳನ್ನು ಕಾಲೇಜಿನ ಮೆಟ್ಟಿಲ ಮೇಲೇ ಹಿಡಿದು, ಸೋದರಮಾವಂದಿರ ಗಟ್ಟಿ ಹಲ್ಲುಗಳನ್ನೂ ಆಸೆಯಿಂದ ನೋಡುತ್ತಿದ್ದ ಕಾಲ. ಆದರೂ ಹಾಲಿನಲ್ಲಿ ಗಪ್‌ಚುಪ್. ನನ್ನವು ಒಂಬತ್ತಾಗಿದ್ದವು, ಒಂದೇ ಒಂದು ಬಾಕಿ. ನಾನೂ ಕೈ ಎತ್ತಲಿಲ್ಲ.

ತಿರುಗಿ ಬಂದು ನೋಡಿದರೆ ಬೆಂಚಿನ ಮೇಲೆ ಆ ಮನುಷ್ಯನಿಲ್ಲ. ಅಬ್ಬ, ಪೀಡೆ ತೊಲಗಿತು ಎಂದು ನಿಟ್ಟುಸಿರು ಬಿಡುವಷ್ಟರಲ್ಲಿ ಬೆನ್ನ ಹಿಂದೆ ನೀಲಿ ಕೋಟು ನಿಂತಿತ್ತು.

"ಫಾರಂ ಬರೆಸಿದೋಳು ನೀನೇನಾ?"

"ಹೌದಕ್ಕ."

"ಬಾ ನನ್ನ ಜೊತೆ."

ಕೋಣೆಯಲ್ಲಿ, ಹಬೆಯ ನಡುವೆ, ಅಕ್ಕನ ಸ್ಟೂಲಿನ ಮೇಲೆ ಅವನು ಕೂತಿದ್ದ. ಹಿಂಬಾಗಿಲಿನಿಂದ ಹೊರಟಿದ್ದವನನ್ನು ಅಕ್ಕ ತಡೆದು ಕೂರಿಸಿದ್ದಳು. ಅವನ ಅಂಗಡಿ ಹುಡುಗರ ಹಾಸ್ಟೆಲಿನ ಹಿಂದಿನ ರಸ್ತೆಯಲ್ಲೇ ಇತ್ತಂತೆ. ಬೆಂಚಿನ ಮೇಲೆ ಕೂತಾಗ ನಮ್ಮ ಕ್ಲಾಸಿನ ಹೀರೋ ಎದುರಿಗೆ ಬಂದದ್ದನ್ನು ಕಂಡು ಎದ್ದುಬಿಟ್ಟಿದ್ದ. ಹೀರೋ ಎಂದು ನಾವು ಕರೆಯುತ್ತಿದ್ದದ್ದು ತನ್ನ ಕೂದಲನ್ನು ಓದಿಗಿಂತ ಹೆಚ್ಚು ಪ್ರೀತಿಸುತ್ತಿದ್ದ ಹುಡುಗನನ್ನು.

"ಆ ಹುಡುಗ ತಿಂಗಳಿಗೆ ಎರಡು ಸಲ ನನ್ನ ಅಂಗಡೀಲಿ ಕೂರ್ತಾನೆ ತಾಯಿ," ಎಂದ ಅವನು, ಟವೆಲಿನೊಳಗಿನಿಂದ. "ಅವನಿಗೆ ಗೊತ್ತಾದ್ರೆ ಹಾಸ್ಟೆಲಿಗೆ ಗೊತ್ತಾದ ಹಾಗೆ. ಹಾಸ್ಟೆಲಿಗೆ ಗೊತ್ತಾದ್ರೆ ಅಂಗಡಿ ಬಾಗಿಲು ಹಾಕಿದ ಹಾಗೆ. ಮನೇಲಿ ಅಮ್ಮ ಇದ್ದಾರೆ, ಇಬ್ರು ಹೆಣ್ಮಕ್ಕಳು ಓದ್ತಿದಾರೆ. ಹಲ್ಲು ಹೇಗೋ ಆಗುತ್ತೆ, ಬಿಡಿ. ನಾನು ಬರೀಬಾರ್ದಿತ್ತು."

"ನೀನು ಬರೆದದ್ದು ಸರಿಯಾಗೇ ಇದೆ ಕಣಪ್ಪ," ಎಂದಳು ಅಕ್ಕ. "ಓದಿದೋರ ತಲೇಲಿ ಹೊಟ್ಟು ತುಂಬಿದೆ ಅಷ್ಟೆ." ನಂತರ ನನ್ನ ಕಡೆ ತಿರುಗಿದಳು. "ನೀನೇನಮ್ಮ? ಇವತ್ತು ಫಾರಂ ತುಂಬಿಸಿದ್ಯಲ್ಲ ಮೂವತ್ತೆಂಟು ಜನಕ್ಕೆ, ಉಳಿದ ಮೂವತ್ತೇಳು ಜನಕ್ಕೆ ಇಲ್ಲ ಅಂತ ನಿನಗ್ಯಾರು ಹೇಳಿದ್ರು?"

"ಅವರೇ ಬರೆದಿದ್ದಾರಲ್ಲ ಅಕ್ಕ…"

"ಬರೆದೋರಿಗೇ ಗೊತ್ತಿಲ್ದೇ ಇರಬಹುದು. ಗೊತ್ತಿದ್ರೂ ನಿಮ್ಮ ಮುಖ ನೋಡಿ ಮುಚ್ಚಿಟ್ಟಿರಬಹುದು. ನಿಜ ಹೇಳಿದೋನೊಬ್ಬ, ಅವನನ್ನೇ ಓಡಿಸ್ತೀರಾ. ನಾಳೆಯಿಂದ ಎಲ್ರೂ ಸುಳ್ಳೇ ಬರೀತಾರೆ. ಆಗ ಏನ್ ಮಾಡ್ತೀಯಾ?"

ಮೂವತ್ತು ಪ್ರಶ್ನೆಗಳಲ್ಲಿ ಇದಿರಲಿಲ್ಲ.

"ನಾಳೆ ಹನ್ನೊಂದಕ್ಕೆ ಬಾಪ್ಪ," ಎಂದು ಅವನಿಗೆ ಹೇಳಿದಳು. "ಇವಳೇ ಕೀಳ್ತಾಳೆ. ಯಾರಿಗೂ ಗೊತ್ತಾಗಲ್ಲ. ನನ್ನ ಮಾತು."

ಅವನು ನನ್ನನ್ನು ನೋಡಿದ. ನಾನು ತಲೆ ಆಡಿಸಿದೆ. ಅವನಿಗೆ ನಂಬಿಕೆ ಬಂದ ಹಾಗೆ ಕಾಣಲಿಲ್ಲ; ನನಗೂ ಬಂದಿರಲಿಲ್ಲ. ಕೆಂಪು ಬಂದಿರುವುದು ಹಾಲಿಗೆಲ್ಲ ಗೊತ್ತು. ಯಾರೆಂದು ಮಾತ್ರ ಗೊತ್ತಿಲ್ಲ. ನಾಳೆ ಫೈಲುಗಳ ನಡುವೆ ಒಂದೇ ಕೆಂಪು ಇದ್ದರೆ, ಅದು ಯಾವ ಕುರ್ಚಿಗೆ ಹೋಗುತ್ತದೋ ಆ ಕುರ್ಚಿಯ ಕಡೆ ಮೂವತ್ತು ಕತ್ತುಗಳು ಹೊರಳುತ್ತವೆ. ಚುಕ್ಕೆ ಕಿತ್ತು ಹಾಕಿದರೆ ಸೀನಿಯರ್ "ನಿನ್ನೆ ಬಂದ ಕೆಂಪೆಲ್ಲಿ?" ಎಂದು ಅದೇ ಕಂಠದಲ್ಲಿ ಹುಡುಕುತ್ತಾಳೆ. ಇದನ್ನೆಲ್ಲ ಅಕ್ಕನಿಗೆ ಹೇಳಿದೆ.

"ಒಂದೇ ಇದ್ರೆ ತಾನೇ?" ಎಂದಳು ಅವಳು. "ಸುರುಳೀಲಿ ಎಷ್ಟಿವೆ ಚುಕ್ಕೆ?"

ಸಂಜೆ ಐದಕ್ಕೆ ಮರುದಿನದ ಫೈಲುಗಳನ್ನು ತೆಗೆದು ಮೇಜಿನ ಮೇಲೆ ಜೋಡಿಸಿಡುವುದು ವಾಡಿಕೆ. ಎಲ್ಲರೂ ಹೋದ ಮೇಲೆ ಅಕ್ಕ ಒಂದು ಕಡೆ, ನಾನು ಒಂದು ಕಡೆ ಕೂತು ನಲವತ್ತೊಂದು ಫೈಲಿಗೂ ಕೆಂಪು ಚುಕ್ಕೆ ಅಂಟಿಸಿದೆವು. ನಾನು ಒಂದೊಂದು ಚುಕ್ಕೆಗೂ ಬಾಗಿಲ ಕಡೆ ನೋಡುತ್ತಿದ್ದೆ. ಸಿಕ್ಕಿಬಿದ್ದರೆ ಪರೀಕ್ಷೆ ಗೋವಿಂದ. ಅಕ್ಕ ಮಾತ್ರ ನಾಲಿಗೆಯ ತುದಿ ಹೊರಚಾಚಿ, ಒಂದೊಂದನ್ನೂ ಮೂಲೆಗೆ ಸರಿಯಾಗಿ ಕೂರಿಸಿ, ಹೆಬ್ಬೆರಳಿನಿಂದ ಒತ್ತುತ್ತಿದ್ದಳು. "ಬೆಳಿಗ್ಗೆ ಹೊಸಬರು ಬಂದ್ರೆ ಅವರಿಗೂ ಹಚ್ಚು. ಯಾರನ್ನೂ ಬಿಡ್ಬೇಡ," ಎಂದು ಉಳಿದ ಸುರುಳಿಯನ್ನು ನನ್ನ ಕೋಟಿನ ಜೇಬಿಗೆ ತುರುಕಿದಳು.

ಗುರುವಾರ ಬೆಳಿಗ್ಗೆ ಒಂಬತ್ತಕ್ಕೆ ಮೊದಲ ಫೈಲು ತೆಗೆದ ಹುಡುಗಿ ಕಿಟಾರನೆ ಕಿರುಚಲಿಲ್ಲ, ಅದೊಂದು ಪುಣ್ಯ. "ನನಗೇ ಬಂತಲ್ಲೇ ಕೆಂಪು" ಎಂದು ಪಕ್ಕದವಳ ಕಿವಿ ಕಚ್ಚಿದಳು. ಪಕ್ಕದವಳು ತನ್ನ ಫೈಲು ನೋಡಿಕೊಂಡಳು. ಅದೂ ಕೆಂಪು. ಹತ್ತು ನಿಮಿಷದಲ್ಲಿ ಹಾಲಿನ ಮೂವತ್ತು ಕುರ್ಚಿಗಳಲ್ಲೂ ಪಿಸಪಿಸ. ಯಾರೂ ಗಟ್ಟಿಯಾಗಿ ಕೇಳುವಂತಿಲ್ಲ, ರೋಗಿಗಳು ಎದುರಿಗೇ ಬಾಯಿ ತೆರೆದು ಕೂತಿದ್ದಾರೆ. ಸರದಿಯ ಕೊನೆಗೆ ಕಳಿಸುವಂತೆಯೂ ಇಲ್ಲ, ಸರದಿ ಪೂರ್ತಿ ಅವರದೇ.

ಆಮೇಲೆ ನಡೆದದ್ದನ್ನು ನೋಡಲು ಎರಡು ಕಣ್ಣು ಸಾಲದು. ಒಂದೇ ಕೈಗವಸಿನಲ್ಲಿ ಮೂರು ಬಾಯಿ ನೋಡಿ, ಅದರಲ್ಲೇ ಫೋನೂ ಎತ್ತುತ್ತಿದ್ದ ಮಹಾಶಯರು ಪ್ರತಿ ರೋಗಿಗೂ ಹೊಸ ಜೋಡಿ ತೊಟ್ಟರು. ಗಡ್ಡಕ್ಕೆ ನೇತುಹಾಕಿಕೊಳ್ಳುತ್ತಿದ್ದ ಮಾಸ್ಕು ಮೊದಲ ಸಲ ಮೂಗು ಕಂಡಿತು. ಕೈ ತೊಳೆಯುವ ನಲ್ಲಿಯ ಮುಂದೆ ಸಾಲು ನಿಂತಿತು. ಸೂಜಿಯನ್ನು ಮೇಜಿನ ಮೇಲೆ ಎಲ್ಲೆಂದರಲ್ಲಿ ಬಿಡುತ್ತಿದ್ದ ಹುಡುಗ ಅದನ್ನು ಮಗುವಿನ ಹಾಗೆ ಎರಡೂ ಕೈಯಲ್ಲಿ ಹಿಡಿದುಕೊಂಡು ಡಬ್ಬಿಯವರೆಗೆ ನಡೆದ. ಅಕ್ಕನ ಕಿಂಡಿಗೆ ಬಂದ ಟ್ರೇಗಳು ಫಳಫಳ ಹೊಳೆಯುತ್ತಿದ್ದವು. ಅಲುಗಾಡುವ ಹಲ್ಲು ಕೀಳಿಸಲು ಬಂದಿದ್ದ ಒಬ್ಬ ನಿವೃತ್ತ ಹೆಡ್‌ಮಾಸ್ತರರು, ತಲೆಯಿಂದ ಕಾಲಿನವರೆಗೆ ಮುಚ್ಚಿಕೊಂಡು ನಿಂತ ನಮ್ಮ ಸೀನಿಯರನ್ನು ನೋಡಿ, "ಏನಮ್ಮ, ನಾನು ಬಂದಿದ್ದು ಹಲ್ಲಿಗೆ. ನೀನು ಚಂದ್ರಲೋಕಕ್ಕೆ ಹೊರಟಿದ್ದೀಯಾ?" ಎಂದು ಕೇಳಿದರು.

ಹತ್ತೂವರೆಗೆ ಕೈಗವಸಿನ ಡಬ್ಬಿಗಳು ಖಾಲಿಯಾದವು. ಉಗ್ರಾಣದವನಿಗೆ ತಲೆ ಬುಡ ಅರ್ಥವಾಗಲಿಲ್ಲ. ಮೂರು ತಿಂಗಳಿಗೆಂದು ತರಿಸಿದ್ದು ಒಂದೂವರೆ ಗಂಟೆಯಲ್ಲಿ ಮುಗಿದಿತ್ತು.

ಹನ್ನೊಂದಾಯಿತು. ನನ್ನ ಏಳನೇ ನಂಬರಿನ ಕುರ್ಚಿ ಖಾಲಿಯೇ ಇತ್ತು. ಹನ್ನೊಂದೂಕಾಲು. ಬರುವುದಿಲ್ಲ, ನಾನಾಗಿದ್ದರೂ ಬರುತ್ತಿರಲಿಲ್ಲ ಅಂದುಕೊಂಡೆ. ಸಮಾಧಾನ ಆಗಬೇಕಿತ್ತು, ಆಗಲಿಲ್ಲ. ಆ ಪೆನ್ನು ಕಣ್ಣ ಮುಂದೆ ಬರುತ್ತಲೇ ಇತ್ತು.

ಅಷ್ಟರಲ್ಲಿ ಬಾಗಿಲಲ್ಲಿ ಭಾವ ಕಾಣಿಸಿಕೊಂಡ. ಇಪ್ಪತ್ತಾರು ವರ್ಷದಲ್ಲಿ ಗೇಟು ದಾಟದ ಭಾವ! ಮುಖ ಬಿಳಿಚಿಕೊಂಡಿತ್ತು, ಒಂದು ಕೈ ತನ್ನ ಬಾಯಿ ಮುಚ್ಚಿತ್ತು, ಇನ್ನೊಂದು ಕೈ ಕ್ಷೌರಿಕನ ರಟ್ಟೆ ಹಿಡಿದಿತ್ತು. ಅಕ್ಕ ಬೆಳಿಗ್ಗೆಯೇ ಗಂಡನನ್ನು ಗೇಟಿನಲ್ಲಿ ಕಾವಲು ನಿಲ್ಲಿಸಿದ್ದಳು, ಟವೆಲು ಒತ್ತಿಕೊಂಡವನೊಬ್ಬ ಬಂದು ಹಿಂದೇಟು ಹಾಕಿದರೆ ಒಳಗೆ ಕರೆತಾ ಎಂದು. ಅವನು ನಿಜಕ್ಕೂ ಬಂದು, ಗೇಟು ನೋಡಿ ಮೂರು ಸಲ ತಿರುಗಿ ಹೋಗಿದ್ದನಂತೆ. "ನಾನೇ ಒಳಗ್ ಬರ್ತೀನಿ ಬಾರಯ್ಯಾ, ಇದಕ್ಕಿಂತ ಇನ್ನೇನ್ ಬೇಕು ನಿನಗೆ?" ಎಂದು ಭಾವ ಎಳೆದುಕೊಂಡು ಬಂದಿದ್ದ. ಕುರ್ಚಿಗೆ ಒಪ್ಪಿಸಿದವನೇ ಗಾಳಿಗಿಂತ ಜೋರಾಗಿ ಹೊರಟುಹೋದ.

ನಾನು ಕೈಗವಸು ತೊಟ್ಟೆ. ಅದರ ಮೇಲೆ ಇನ್ನೊಂದು. ಅದರ ಮೇಲೆ ಮತ್ತೊಂದು. ಯಾರ ಕಣ್ಣಿಗೂ ಬೀಳದಂತೆ ಬೆಳಿಗ್ಗೆಯೇ ಮೂರು ಜೋಡಿ ಎತ್ತಿಟ್ಟುಕೊಂಡಿದ್ದೆ, ಸುಳ್ಳು ಯಾಕೆ ಹೇಳಲಿ. ಇಕ್ಕಳದ ಟ್ರೇಯನ್ನು ಆವತ್ತು ಅಕ್ಕನೇ ಕುರ್ಚಿಯವರೆಗೆ ತಂದಳು. ನನ್ನ ಕೈ ನೋಡಿದಳು.

"ಒಂದು ಜೊತೆ ಸಾಕು," ಎಂದಳು, ಬೇರೆ ಯಾರಿಗೂ ಕೇಳದಷ್ಟು ಮೆತ್ತಗೆ. "ಮೂರು ಹಾಕ್ಕೊಂಡ್ರೆ ಹಲ್ಲು ಯಾವ್ದು ನಾಲಿಗೆ ಯಾವ್ದು ಗೊತ್ತಾಗಲ್ಲ."

ಎರಡು ಜೋಡಿ ತೆಗೆದೆ. ಚುಚ್ಚುಮದ್ದು ಕೊಟ್ಟು, ದವಡೆ ಮರಗಟ್ಟಲೆಂದು ಕಾಯುತ್ತಾ ನಿಂತೆ. ಏನಾದರೂ ಮಾತಾಡಬೇಕಲ್ಲ. "ನಿಮ್ಮಲ್ಲೂ ಫಾರಂ ಗೀರಂ ಬರೆಸ್ಕೋತೀರಾ?" ಎಂದು ಕೇಳಿದೆ. ಎಂಥ ಪೆದ್ದು ಪ್ರಶ್ನೆ.

ಅವನು ಅರ್ಧ ಮರಗಟ್ಟಿದ ಬಾಯಲ್ಲೇ ನಕ್ಕ. "ಗಡ್ಡ ಕೆರೆಸೋಕೆ ಬರೋರು ಯಾರಮ್ಮ ಬರ್ಕೊಡ್ತಾರೆ? ಅದಕ್ಕೇ ಎಲ್ರಿಗೂ ಹೊಸ ಬ್ಲೇಡು. ಕೇಳೋದೂ ಇಲ್ಲ, ಹೇಳೋದೂ ಇಲ್ಲ. ನಮ್ಮಪ್ಪನ ಕಾಲದಲ್ಲಿ ಒಂದೇ ಕತ್ತಿ ಇತ್ತು. ನಾನು ಅಂಗಡಿಗೆ ಕೂತ ಮೊದಲನೇ ದಿನಾನೇ ಅದನ್ನ ಗೋಡೆಗೆ ನೇತುಹಾಕಿದೆ."

ನಮ್ಮ ವಿಭಾಗದ ಮುಖ್ಯಸ್ಥರು ಇದೇ ವಿಷಯಕ್ಕೆ ನಾಲ್ಕು ಗಂಟೆ ಪಾಠ ಮಾಡಿದ್ದರು, ಚಿತ್ರಗಳ ಸಮೇತ.

ಇಕ್ಕಳ ಹಾಕಿ ಹಿಡಿದೆ. ಹಲ್ಲು ಅಲುಗಾಡತೊಡಗಿತು. ಆಗ ಪಕ್ಕದ ಎಂಟನೇ ಕುರ್ಚಿಯಿಂದ, "ಅರೆ, ಏನಣ್ಣಾ ನೀವಿಲ್ಲಿ!" ಎಂಬ ಕೂಗು ಬಂತು. ಹೀರೋ. ಕೈಯಲ್ಲಿ ಕನ್ನಡಿ ಹಿಡಿದು ನಮ್ಮ ಕಡೆಗೇ ಬಗ್ಗಿದ್ದ. ಕ್ಷೌರಿಕನ ಕೈ ಕುರ್ಚಿಯ ಹಿಡಿಯನ್ನು ಬಿಗಿಯಾಗಿ ಅಮುಕಿತು. ಹೀರೋನ ಕಣ್ಣು ಅವನ ಮುಖದಿಂದ ನನ್ನ ಮೇಜಿನ ಫೈಲಿಗೆ ಹೋಯಿತು, ಫೈಲಿನ ಮೂಲೆಯ ಚುಕ್ಕೆಯ ಮೇಲೆ ನಿಂತಿತು.

"ನಿಮಗೂ ಅಂಟಿಸಿದಾರಾ?" ಎಂದ ಹೀರೋ ನಗುತ್ತಾ. "ಇವತ್ತು ಎಲ್ಲರದೂ ಕೆಂಪೇ ಅಣ್ಣ. ನಮ್ಮಜ್ಜಿದೂ ಕೆಂಪೇ ನೋಡಿ. ಯಾವನೋ ತಲೆಕೆಟ್ಟೋನು ಮಾಡಿದಾನೆ, ತಲೆ ಕೆಡಿಸ್ಕೋಬೇಡಿ." ಆಮೇಲೆ ಗಂಭೀರನಾಗಿ, "ಭಾನುವಾರ ಅಂಗಡಿ ತೆಗೀತೀರಾ ತಾನೇ? ಸೋಮವಾರ ವೈವಾ ಪರೀಕ್ಷೆ ಇದೆ, ಸೈಡಲ್ಲಿ ಸ್ವಲ್ಪ ಇಳಿಸ್ಬೇಕು," ಎಂದ.

ಬಾಯಲ್ಲಿ ಇಕ್ಕಳವಿದ್ದವನು ಏನು ಹೇಳಿಯಾನು? ಹೆಬ್ಬೆರಳು ಎತ್ತಿ ತೋರಿಸಿದ. ಅದೇ ಹೊತ್ತಿಗೆ ಹಲ್ಲು ಬಂತು, ಮೂರು ಬೇರಿನ ಸಮೇತ, ಇಡಿಯಾಗಿ. ಅದು ನನ್ನ ಹತ್ತನೆಯದು ಎಂಬುದು ಅವನು ಹತ್ತಿ ಕಚ್ಚಿಕೊಂಡು ಹೊರಟುಹೋದ ಎಷ್ಟೋ ಹೊತ್ತಿನ ಮೇಲೆ ನೆನಪಾಯಿತು.

ಹೀರೋ ಹೇಳಿದ 'ನಮ್ಮಜ್ಜಿ' ಯಾರೆಂದು ಹೇಳಲಿಲ್ಲ ಅಲ್ಲವೇ? ಎಂಟನೇ ಕುರ್ಚಿಯಲ್ಲಿ ಕೂತಿದ್ದವರು ಸಾಕ್ಷಾತ್ ಪ್ರಿನ್ಸಿಪಾಲರ ಅತ್ತೆ. ಆ ಸುದ್ದಿಯೇ ಮುಖ್ಯಸ್ಥರನ್ನು ಅವರ ಕೋಣೆಯಿಂದ ಹೊರಗೆಳೆಯಿತು. ಕೆಂಪೇರಿದ ಮುಖದಲ್ಲಿ ದಡದಡ ಬಂದವರು ಅಜ್ಜಿಯ ಫೈಲು ಎತ್ತಿ, "ಇದನ್ನ ಯಾರು ಅಂಟಿಸಿದ್ದು?" ಎಂದರು.

ನಾನು ಬಾಯಿ ತೆರೆಯುವಷ್ಟರಲ್ಲಿ ಕಿಂಡಿಯ ಕಡೆಯಿಂದ, "ನಾನೇ ಸಾರ್," ಎಂದು ಬಂತು. ಅಕ್ಕ ಕೈ ಒರೆಸಿಕೊಳ್ಳುತ್ತಾ ಬಂದು ನಿಂತಳು.

"ಏನಮ್ಮಾ ಇದು ಹುಚ್ಚಾಟ? ನಿನ್ನ ಕೆಲಸ ಪಾತ್ರೆ ಬೇಯ್ಸೋದು!"

"ಹೌದು ಸಾರ್. ನಾನು ಏಳನೇ ಕ್ಲಾಸು. ನೀವು ಪಾಠ ಮಾಡೋ ಕೋಣೆ ನನ್ನ ಗೋಡೆಗೆ ಅಂಟ್ಕೊಂಡಿದೆ ನೋಡಿ, ವರ್ಷಾವರ್ಷ ಕೇಳಿಸ್ತಿರುತ್ತೆ. ಬರೋ ಪ್ರತಿಯೊಬ್ಬ ರೋಗಿಗೂ ಸೋಂಕಿದೆ ಅಂತ್ಲೇ ತಿಳ್ಕೊಂಡು ಕೆಲ್ಸ ಮಾಡಿ ಅಂತೀರಲ್ಲ, ನಿಮಗಿಂತ ಮುಂಚಿನೋರದ್ದೂ ಸೇರಿ ಇಪ್ಪತ್ತಾರು ಸಲ ಕೇಳಿದೀನಿ. ಇವರು ಮರೆತಿದ್ರು. ನೀವೇ ಹೇಳಿದ್ದು ಅಂತ ಅಂಟಿಸ್ದೆ. ತಪ್ಪಾಗಿದ್ರೆ ಹೇಳಿ, ಕಿತ್ತು ಹಾಕ್ತೀನಿ."

ಮುಖ್ಯಸ್ಥರು ಸಿಕ್ಕಿಕೊಂಡರು. ತಪ್ಪು ಅಂದರೆ ತಮ್ಮ ಪಾಠವೇ ತಪ್ಪು. ಸರಿ ಅಂದರೆ ಅಂಟಿಸಿದ್ದು ಸರಿ. ಆ ಹೊತ್ತಿಗೆ ಎಂಟನೇ ಕುರ್ಚಿಯ ಅಜ್ಜಿ ಎದ್ದು ಕೂತು, "ಏನೇ ಹೇಳಿ ಡಾಕ್ಟರೇ, ಇವತ್ತಿನಷ್ಟು ಶುಚಿಯಾಗಿ ನನ್ನನ್ನ ಯಾವತ್ತೂ ನೋಡಿರಲಿಲ್ಲ. ಈ ಹುಡುಗ ಮೂರು ಸಲ ಕೈ ತೊಳೆದ. ಅಳಿಯಂದ್ರಿಗೆ ನಿಮ್ಮ ಬಗ್ಗೆ ಹೇಳ್ತೀನಿ," ಎಂದರು.

"ಹೌದಮ್ಮ," ಎಂದರು ಮುಖ್ಯಸ್ಥರು ತಡಮಾಡದೆ. "ಇದು ನಮ್ಮ ಹೊಸ ಪದ್ಧತಿ."

ಹೊಸ ಪದ್ಧತಿ ನಾಲ್ಕು ದಿನ ನಡೆಯಿತು, ಅಷ್ಟಕ್ಕೆ ಸುರುಳಿಗಳು ಮುಗಿದವು. ಎಲ್ಲರಿಗೂ ಅಂಟಿಸುವುದಾದರೆ ಯಾರಿಗೂ ಅಂಟಿಸದಿದ್ದರೂ ಒಂದೇ ಎಂದು ಕಚೇರಿಯವರು ಹೊಸದನ್ನು ತರಿಸಲಿಲ್ಲ. ಕೈಗವಸು ಮಾತ್ರ ಹೆಚ್ಚು ತರಿಸಬೇಕಾಯಿತು.

ನಾನು ಗೆದ್ದೆ ಎಂದು ಬೀಗುತ್ತಿದ್ದೆ. ಹಲ್ಲು ಕಿತ್ತೆ, ಗುಟ್ಟು ಕಾದೆ, ಒಂದು ಸಂಸಾರದ ಅನ್ನ ಉಳಿಸಿದೆ, ಇನ್ನೇನು ಬೇಕು? ಆ ಭಾನುವಾರವೇ ನಮ್ಮಪ್ಪ ನನ್ನನ್ನು ನೋಡಲು ಬಂದರು. ಎರಡು ದಿನದ ಪ್ರಯಾಣ, ಕೆನ್ನೆ ತುಂಬ ಬಿಳಿ ಕೂಳೆ. ಗಲ್ಲ ಸವರಿಕೊಂಡು, "ಇಲ್ಲಿ ಹತ್ರ ಒಳ್ಳೇ ಕ್ಷೌರದ ಅಂಗಡಿ ಇದೆಯೇನೇ ಮಗಳೇ?" ಎಂದು ಕೇಳಿದರು.

ಇದೆ, ಹಾಸ್ಟೆಲಿನ ಹಿಂದಿನ ರಸ್ತೆಯಲ್ಲಿ. ಇಷ್ಟು ಹೇಳಬೇಕಿತ್ತು. ಮೂವತ್ತಕ್ಕೆ ಮೂವತ್ತು ನನಗೆ. ಬ್ಲೇಡು ಪ್ರತಿಯೊಬ್ಬರಿಗೂ ಹೊಸದು ಎಂದು ಅವನ ಬಾಯಿಂದಲೇ ಕೇಳಿದ್ದೆ. ಯಾವ ಅಪಾಯವೂ ಇಲ್ಲವೆಂದು ತಲೆಗೆ ಚೆನ್ನಾಗಿ ಗೊತ್ತಿತ್ತು. ನಾಲಿಗೆ ಏಳಲಿಲ್ಲ. ಅಪ್ಪ ನನ್ನ ಮುಖ ನೋಡುತ್ತಾ ನಿಂತಿದ್ದರು. ಬಸ್ ನಿಲ್ದಾಣದ ಹತ್ತಿರ ಇನ್ನೊಂದು ಅಂಗಡಿ ಇದೆ ಎಂಬ ಮಾತು ತುಟಿಯವರೆಗೂ ಬಂದಿತ್ತು. ಅದನ್ನು ನುಂಗಿದೆ. "ಹಿಂದಿನ ರಸ್ತೇಲಿದೆ ಅಪ್ಪ. ಅಲ್ಲಿಗೇ ಹೋಗಿ," ಎಂದೆ.

ಒಂದು ಗಂಟೆ ಬಿಟ್ಟು ನುಣ್ಣಗೆ ಹೊಳೆಯುತ್ತಾ ಬಂದರು. "ಅಲ್ಲೇ ಕಣ್ಣೆದುರೇ ಹೊಸ ಬ್ಲೇಡು ಬಿಚ್ಚಿದ ಕಣೇ. ಅದೆಲ್ಲಕ್ಕಿಂತ ಹೆಚ್ಚಾಗಿ, ಮಹಾರಾಯ ಒಂದು ಮಾತೂ ಆಡಲ್ಲ! ಕೆನ್ನೆ ಊದಿತ್ತು, ಪಾಪ. ಮಾತಾಡದ ಕ್ಷೌರಿಕನ್ನ ನನ್ನ ಜನ್ಮದಲ್ಲಿ ಇವತ್ತೇ ನೋಡಿದ್ದು," ಎಂದು ಹೊಗಳಿದ್ದೇ ಹೊಗಳಿದ್ದು. ಅಂಗಡಿಯಲ್ಲಿ ನಾಲ್ಕು ಜನ ಹುಡುಗರು ಸರದಿ ಕಾಯುತ್ತಾ ಕೂತಿದ್ದರಂತೆ. ನಾನು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ. ಸಂತೋಷಕ್ಕೋ ನಾಚಿಕೆಗೋ ಗೊತ್ತಿಲ್ಲ, ಎರಡೂ ಇತ್ತು.

ಸೋಮವಾರ ಟ್ರೇ ಕೊಡುವ ನೆಪದಲ್ಲಿ ಅಕ್ಕನ ಕಿಂಡಿಗೆ ಹೋದೆ. ಬೈಯಲಿ, ಬೈಸಿಕೊಳ್ಳಬೇಕು ಎಂದೇ ಹೋದದ್ದು. ಅಪ್ಪ ಕೇಳಿದ್ದು, ನಾನು ತಡೆದದ್ದು, ಕಣ್ಣೊರೆಸಿಕೊಳ್ಳುತ್ತಾ ಎಲ್ಲ ಒಪ್ಪಿಸಿದೆ.

ಅವಳು ಇಕ್ಕಳದ ಸಂದಿಯನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದಳು. "ಎಷ್ಟು ಹೊತ್ತು ತಡೆದೆ?" ಎಂದು ಕೇಳಿದಳು.

"ಅರ್ಧ ನಿಮಿಷ ಇರಬಹುದು ಅಕ್ಕ."

ಅವಳು ಇಕ್ಕಳವನ್ನು ಟ್ರೇಯಲ್ಲಿಟ್ಟಳು.

"ನಾನು ಈ ಕೋಣೆಗೆ ಬಂದಾಗ ನನ್ನ ಮಗಳಿಗೆ ಒಂದು ವರ್ಷ," ಎಂದಳು. "ದಿನಾ ಕೆಲ್ಸ ಮುಗಿಸಿ ಇಲ್ಲೇ ಸ್ನಾನ ಮಾಡಿ, ಮನೆಗೆ ಹೋಗಿ ಇನ್ನೊಂದ್ಸಲ ಸ್ನಾನ ಮಾಡ್ತಿದ್ದೆ. ಆದ್ರೂ ಏನಾದ್ರೂ ಅಂಟೀತು ಅಂತ ಮಗೂನ ಎತ್ಕೊಳ್ಳೋಕೆ ಧೈರ್ಯ ಬರ್ತಿರಲಿಲ್ಲ. ನಿಮ್ಮ ಭಾವನೇ ಉಣಿಸೋದು, ಮಲಗಿಸೋದು. ನಾನು ಬಾಗಿಲಲ್ಲಿ ನಿಂತು ನೋಡ್ತಿದ್ದೆ. ಅದು ಕೈ ಚಾಚಿ ಅಳೋದು."

"ಎಷ್ಟು ದಿನ ಅಕ್ಕ?"

"ಎರಡು ವರ್ಷ," ಎಂದು ಅಕ್ಕ ಆಟೋಕ್ಲೇವಿನ ಬಾಗಿಲು ತೆಗೆದಳು. "ನೀನು ಅರ್ಧ ನಿಮಿಷಕ್ಕೆ ಅಳ್ತಾ ನಿಂತಿದ್ದೀಯಾ. ಕೊಡು ಆ ಟ್ರೇನ."